ಕೊಡೆ ಹಿಡಿದ ಅಪ್ಪ, ಕೋಡ್ ಕಳಿಸಿದ ಮಗಳು

2021ರ ಜೂನ್‌ನಲ್ಲಿ ಒಂದು ಫೋಟೋ ಓಡಾಡಿತ್ತು. ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರುತ್ತೆ. ಸುಳ್ಯ ತಾಲ್ಲೂಕಿನ ಒಂದು ಹಳ್ಳಿ, ಮಳೆ. ರಸ್ತೆ ಬದಿಯಲ್ಲಿ ಒಬ್ಬ ಹುಡುಗಿ ಕೂತು ಎಸ್ಸೆಸ್ಸೆಲ್ಸಿ ಆನ್‌ಲೈನ್ ಪಾಠ ಕೇಳ್ತಿದ್ದಾಳೆ. ಪಕ್ಕದಲ್ಲಿ ಅಪ್ಪ ನಿಂತು ಅವಳಿಗೆ ಕೊಡೆ ಹಿಡಿದಿದ್ದಾರೆ. ಮನೇಲಿ ನೆಟ್‌ವರ್ಕ್ ಇಲ್ಲ, ರಸ್ತೆಗೆ ಬಂದರೆ ಸಿಗುತ್ತೆ. ಕಥೆ ಅಷ್ಟೇ.

ನಾನೂ ಅದನ್ನ ಫಾರ್ವರ್ಡ್ ಮಾಡಿದ್ದೆ. ಕೆಳಗೆ ಕೈ ಮುಗಿಯೋ ಇಮೋಜಿ ಬೇರೆ ಹಾಕಿದ್ದೆ. ಆಫೀಸಿನ ಗ್ರೂಪಲ್ಲಿ ಒಬ್ಬರು ‘ರೆಸಿಲಿಯೆನ್ಸ್ ಅಂದ್ರೆ ಇದು’ ಅಂತ ಬರೆದರು, ನಲವತ್ತು ಜನ ಹಾರ್ಟ್ ಒತ್ತಿದರು. ಆಗ ನಾನು ಊರಲ್ಲಿದ್ದೆ. ತಿಪಟೂರಿನ ಹತ್ತಿರ ನಮ್ಮೂರು. ಮನೆಯೊಳಗೆ ಒಂದು ಕಡ್ಡಿ ಸಿಗ್ನಲ್, ಅದೂ ತೆಂಗಿನ ತೋಟದ ಕಡೆಯ ಕಿಟಕೀಲಿ ಮಾತ್ರ. ಹಾಗಾಗಿ ದಿನಾ ಬೆಳಗ್ಗೆ ಹಾಲಿನ ಡೈರಿ ಕಟ್ಟಡದ ತಾರಸಿ ಹತ್ತಿ ಸ್ಟ್ಯಾಂಡಪ್ ಮೀಟಿಂಗಿಗೆ ಸೇರ್ತಿದ್ದೆ. ಅದೇ ತಾರಸಿಯ ಇನ್ನೊಂದು ಮೂಲೆಯಲ್ಲಿ ಐದಾರು ಹೈಸ್ಕೂಲ್ ಮಕ್ಕಳು ಒಂದೇ ಫೋನಿಗೆ ತಲೆ ಕೊಟ್ಟು ಕೂತಿರ್ತಿದ್ದವು.

ನನ್ನ ವಿಷಯ ಒಂದು ವಾರದಲ್ಲಿ ಬಗೆಹರೀತು. ಮ್ಯಾನೇಜರಿಗೆ ಮೇಲ್ ಹಾಕಿದೆ, ಎರಡು ಬೇರೆ ಬೇರೆ ಕಂಪನಿಯ ಡಾಂಗಲ್ ಬಂತು, ಕರೆಂಟ್ ಹೋದರೆ ಅಂತ ಯುಪಿಎಸ್ ದುಡ್ಡೂ ಬಂತು. ‘ತಾರಸಿ ಮೇಲೆ ಕೂತು ಕೆಲಸ ಮಾಡ್ತಾನೆ, ಎಂಥಾ ಛಲ’ ಅಂತ ನನ್ನ ಫೋಟೋ ಯಾರೂ ತೆಗೀಲಿಲ್ಲ. ತೆಗೆದಿದ್ದರೆ ಎಚ್‌ಆರ್‌ಗೆ ಮುಜುಗರ ಆಗ್ತಿತ್ತು. ಆ ಮಕ್ಕಳು ಮಾತ್ರ ಶಾಲೆ ಬಾಗಿಲು ತೆಗೆಯೋವರೆಗೂ ತಾರಸಿ ಮೇಲೇ ಇದ್ದವು.

ಸುಳ್ಯದ ಆ ಅಪ್ಪ ದೊಡ್ಡ ಮನುಷ್ಯ, ಅದರಲ್ಲಿ ನನಗೆ ಎರಡು ಮಾತಿಲ್ಲ. ತಕರಾರು ಇರೋದು ಫೋಟೋ ನೋಡಿದ ನಮ್ಮ ಮೇಲೆ. ಒಂದು ಹಳ್ಳಿಗೆ ಟವರ್ ಇಲ್ಲ ಅನ್ನೋ ಸುದ್ದೀನ, ಒಬ್ಬ ಅಪ್ಪನಿಗೆ ತಾಳ್ಮೆ ಇದೆ ಅನ್ನೋ ಸುದ್ದಿಯಾಗಿ ಓದಿಕೊಂಡ್ವಿ.

ಈಗ ಎಲ್ಲಾ ಕಡೆ ಎರಡು ಪದ ಜೋಡಿಯಾಗಿ ಕೇಳಿಬರ್ತಿವೆ. ಡಿಜಿಟಲ್ ಸಾಕ್ಷರತೆ, ರೆಸಿಲಿಯೆನ್ಸ್. ಅಂತಾರಾಷ್ಟ್ರೀಯ ಸಂಸ್ಥೆಗಳ ವರದಿಯಲ್ಲಿ, ಸಿಎಸ್‌ಆರ್ ಬ್ಯಾನರಿನಲ್ಲಿ, ಶಿಕ್ಷಣ ಇಲಾಖೆ ತರಬೇತಿಗಳಲ್ಲಿ. ಬಡ ದೇಶಗಳ ಹೈಸ್ಕೂಲ್ ಮಕ್ಕಳಿಗೆ ಇವೆರಡನ್ನ ಕೊಟ್ಟುಬಿಟ್ಟರೆ ಸಾಕು ಅನ್ನೋ ಧಾಟಿ. ಈ ಎರಡು ಪದಗಳನ್ನ ನಾವು ಎಷ್ಟು ಸಡಿಲವಾಗಿ ಬಳಸ್ತೀವಿ ಅನ್ನೋದೇ ಈ ಬರಹದ ವಿಷಯ. ‘ನಾವು’ ಅಂದಾಗ ನಾನೂ ಸೇರಿದೆ, ಅದು ಮುಂದೆ ಬರುತ್ತೆ.

ಮೊದಲು ಅಳತೆಯ ವಿಚಾರ. ಪ್ರಥಮ್ ಸಂಸ್ಥೆ ತರೋ ಅಸರ್ ವರದಿ ನಿಮಗೆ ಗೊತ್ತಿರುತ್ತೆ. 2023ರ ವರದಿ 14ರಿಂದ 18 ವಯಸ್ಸಿನವರ ಮೇಲೆ. 26 ರಾಜ್ಯಗಳ 28 ಗ್ರಾಮೀಣ ಜಿಲ್ಲೆಗಳಲ್ಲಿ ಮನೆಮನೆಗೆ ಹೋಗಿ 34,745 ಮಕ್ಕಳನ್ನ ಮಾತಾಡಿಸಿದರು. ಮನೇಲಿ ಸ್ಮಾರ್ಟ್‌ಫೋನ್ ಇರೋದು ಹೆಚ್ಚುಕಮ್ಮಿ 90 ಪರ್ಸೆಂಟ್ ಮಕ್ಕಳಿಗೆ. ಬಳಸೋಕೆ ಬರುತ್ತೆ ಅಂದವರೂ ಹತ್ತಿರ ಹತ್ತಿರ ಅಷ್ಟೇ. ಆಮೇಲೆ ಅವರ ಕೈಗೇ ಫೋನ್ ಕೊಟ್ಟು ಕೆಲಸ ಮಾಡಿಸಿದರು: ಅಲಾರಂ ಇಡು, ಒಂದು ಮಾಹಿತಿ ಹುಡುಕು, ಯೂಟ್ಯೂಬಲ್ಲಿ ಒಂದು ವಿಡಿಯೋ ಹುಡುಕಿ ಇನ್ನೊಬ್ಬರಿಗೆ ಕಳಿಸು, ಗೂಗಲ್ ಮ್ಯಾಪ್ಸಲ್ಲಿ ಒಂದು ಜಾಗಕ್ಕೆ ಹೋಗೋಕೆ ಎಷ್ಟು ಹೊತ್ತು ಬೇಕು ನೋಡು.

ಅಸರ್ ಬಗ್ಗೆ ನನಗೆ ತುಂಬಾ ಗೌರವ ಇದೆ. ‘ನಿಮಗೆ ಕಂಪ್ಯೂಟರ್ ಬರುತ್ತಾ?’ ಅಂತ ಬಾಯಲ್ಲಿ ಕೇಳಿ ಟಿಕ್ ಹಾಕೋ ಸರ್ವೆಗಳ ಮಧ್ಯೆ ಇವರು ಮಾಡಿ ತೋರಿಸು ಅಂದರು. ಅದು ದೊಡ್ಡ ವಿಷಯ. ಆದರೆ ಈ ನಾಲ್ಕು ಕೆಲಸಗಳನ್ನ ಒಬ್ಬ ಟೆಸ್ಟರ್ ಕಣ್ಣಲ್ಲಿ ನೋಡಿ. ನಾಲ್ಕೂ ‘ಹ್ಯಾಪಿ ಪಾತ್’. ಅಂದ್ರೆ ಬಳಕೆದಾರ ಸರಿಯಾಗಿ ಒತ್ತುತ್ತಾನೆ, ಎದುರಿಗಿರೋರು ಪ್ರಾಮಾಣಿಕರು, ಯಾರೂ ಮೋಸ ಮಾಡಲ್ಲ, ಎಲ್ಲಾ ನೆಟ್ಟಗೆ ನಡೆಯುತ್ತೆ ಅನ್ನೋ ದಾರಿ. ನಮ್ಮ ಆಫೀಸಲ್ಲಿ ಬರೀ ಹ್ಯಾಪಿ ಪಾತ್ ಟೆಸ್ಟ್ ಮಾಡಿ ರಿಲೀಸಿಗೆ ಸಹಿ ಕೇಳಿದರೆ ಲೀಡ್ ನಗ್ತಾರೆ. ಪ್ರೊಡಕ್ಷನ್ನಲ್ಲಿ ಕೈ ಕೊಡೋದು ಯಾವತ್ತೂ ಆ ದಾರಿ ಅಲ್ಲ.

ಅಸರ್‌ನವರು ಇಷ್ಟಕ್ಕೇ ನಿಲ್ಲಲಿಲ್ಲ ಅನ್ನೋದನ್ನೂ ಹೇಳಬೇಕು. ಸೋಶಿಯಲ್ ಮೀಡಿಯಾ ಬಳಸೋ ಮಕ್ಕಳಿಗೆ ಪ್ರೊಫೈಲ್ ಬ್ಲಾಕ್ ಮಾಡೋದು, ರಿಪೋರ್ಟ್ ಮಾಡೋದು, ಪಾಸ್‌ವರ್ಡ್ ಬದಲಾಯಿಸೋದು ಇಂಥದ್ದು ಗೊತ್ತಾ ಅಂತ ಕೇಳಿದ್ದಾರೆ. ಗೊತ್ತು ಅಂದವರು ಅರ್ಧದಷ್ಟು ಮಾತ್ರ. ಅಂದ್ರೆ ಗಾಡಿ ಓಡಿಸೋಕೆ ಎಲ್ಲರಿಗೂ ಬರುತ್ತೆ, ಬ್ರೇಕ್ ಎಲ್ಲಿದೆ ಅಂತ ಅರ್ಧ ಜನಕ್ಕೆ ಗೊತ್ತು. ಪತ್ರಿಕೆಗಳ ತಲೆಬರಹದಲ್ಲಿ 90 ಪರ್ಸೆಂಟ್ ಬಂತು, ಈ ಅರ್ಧ ಎಲ್ಲೋ ಒಳಪುಟಕ್ಕೆ ಹೋಯ್ತು.

ಅದೇ ವರದಿಯ ಇನ್ನೆರಡು ಲೆಕ್ಕಗಳನ್ನ ಇದರ ಪಕ್ಕ ಇಡಿ. ಒಂದು, ಈ 14-18ರ ಮಕ್ಕಳಲ್ಲಿ ಸುಮಾರು ಕಾಲುಭಾಗಕ್ಕೆ ತಮ್ಮದೇ ಭಾಷೆಯ ಎರಡನೇ ಕ್ಲಾಸಿನ ಪಾಠ ಸರಾಗವಾಗಿ ಓದೋಕೆ ಬರಲ್ಲ. ಎರಡು, ಫೋನ್ ಬಳಸೋಕೆ ಬರೋ ಹುಡುಗರಲ್ಲಿ ಸ್ವಂತ ಫೋನ್ ಇರೋದು 43.7 ಪರ್ಸೆಂಟಿಗೆ, ಹುಡುಗಿಯರಲ್ಲಿ 19.8ಕ್ಕೆ. ಮೊದಲನೇದು ‘ಸಾಕ್ಷರತೆ’ ಅನ್ನೋ ಪದದ ಕಥೆ. ಸ್ಕ್ರೀನ್ ಮೇಲೆ ಬಂದ ನಾಲ್ಕು ಸಾಲು ಓದಿ ಅದರ ಮರ್ಮ ಹಿಡಿಯೋಕೆ ಆಗದ ಮಗುವಿಗೆ ಡಿಜಿಟಲ್ ಸಾಕ್ಷರತೆ ಅನ್ನೋದು ಐಕಾನ್ ಗುರುತಿಸೋ ಆಟ ಅಷ್ಟೇ. ಎರಡನೇದು ಇನ್ನೂ ಆಳದ್ದು. ಫೋನು ತನ್ನದಲ್ಲ, ಯಾವಾಗ ಬೇಕಾದರೂ ಕಿತ್ಕೊಬಹುದು ಅನ್ನೋ ಸ್ಥಿತೀಲಿ ಇರೋ ಹುಡುಗಿ ಆ ಫೋನಲ್ಲಿ ಹೇಗೆ ನಡ್ಕೊತಾಳೆ? ಇದನ್ನ ನಾನು ವರದಿ ಓದಿ ಕಲೀಲಿಲ್ಲ, ನಮ್ಮನೇಲೇ ಕಲಿತೆ.

ನಮ್ಮ ಕಂಪನೀಲಿ ಸಿಎಸ್‌ಆರ್ ಅಂತ ವರ್ಷಕ್ಕೆ ಎರಡು ಶನಿವಾರ. ಹೋದ ವರ್ಷ ‘ಡಿಜಿಟಲ್ ಸಾಕ್ಷರತೆ’ ಅಂತ ಥೀಮ್ ಬಂತು. ನಮ್ಮೂರಿನ ಹೈಸ್ಕೂಲಿಗೇ ಹೋಗೋಣ ಅಂತ ನಾನೇ ಮುಂದೆ ಬಂದೆ. ನಾನು ಓದುವಾಗ ಆ ಶಾಲೇಲಿ ಒಂದು ಕಂಪ್ಯೂಟರ್ ರೂಮಿತ್ತು. ಅದರ ಬೀಗದ ಕೈ ಹೆಡ್ಮಾಸ್ಟರ್ ಟೇಬಲ್ ಡ್ರಾಯರಲ್ಲಿ. ಮೂರು ವರ್ಷದಲ್ಲಿ ನಾವು ಕಂಪ್ಯೂಟರ್ ಮುಟ್ಟಿದ್ದು ಬೆರಳೆಣಿಕೆ ಸಲ, ಧೂಳು ಒರೆಸೋಕೆ ಅಂತ ಹೋಗಿದ್ದು ಅದಕ್ಕಿಂತ ಜಾಸ್ತಿ. ಹಾಗಾಗಿ ಲ್ಯಾಪ್‌ಟಾಪು, ಪ್ರೊಜೆಕ್ಟರು ಹೊತ್ಕೊಂಡು ಹೋಗುವಾಗ ನನಗೆ ಸ್ವಲ್ಪ ಹೆಮ್ಮೆನೇ ಇತ್ತು.

22 ಸ್ಲೈಡು ಮಾಡಿದ್ದೆ. ಪಾಸ್‌ವರ್ಡ್ ಹೇಗಿರಬೇಕು, ಗೊತ್ತಿಲ್ಲದ ಲಿಂಕ್ ಒತ್ತಬಾರದು, ಸುಳ್ಳು ಸುದ್ದಿ ಹೇಗೆ ಗುರುತಿಸೋದು, ಒಟಿಪಿ ಯಾರಿಗೂ ಹೇಳಬಾರದು. ಕೊನೇಲಿ ಹತ್ತು ಪ್ರಶ್ನೆಯ ಕ್ವಿಜ್. ಅಕ್ಕನ ಮಗಳು ಅದೇ ಶಾಲೇಲಿ ಹತ್ತನೇ ಕ್ಲಾಸು. ಅವಳಿಗೆ ಹತ್ತಕ್ಕೆ ಹತ್ತು. ಸರ್ಟಿಫಿಕೇಟ್ ಹಿಡ್ಕೊಂಡ ಫೋಟೋ ಕಂಪನಿ ಪೇಜಲ್ಲೂ ಬಂತು, ಅಕ್ಕನ ಮನೆ ಶೋಕೇಸಲ್ಲೂ ಕೂತಿತು.

ಆರು ತಿಂಗಳಾದ ಮೇಲೆ ಒಂದು ಮಂಗಳವಾರ ರಾತ್ರಿ ಭಾವ ಫೋನ್ ಮಾಡಿದರು. ಅಷ್ಟು ಹೊತ್ತಲ್ಲಿ ಅವರು ಯಾವತ್ತೂ ಮಾಡಿದವರಲ್ಲ. ‘ನಿಮ್ಮ ಸೊಸೆ ಏನ್ ಮಾಡವ್ಳೆ ಕೇಳು’ ಅಂತ ಶುರು ಮಾಡಿದರು.

ಆಗಿದ್ದು ಇಷ್ಟು. ಭಾನುವಾರ ಸಂಜೆ ಭಾವನ ಫೋನು ಅವಳ ಕೈಲಿತ್ತು. ಕ್ಲಾಸಿನ ಗೆಳತಿಯ ನಂಬರಿಂದ ವಾಟ್ಸಾಪಲ್ಲಿ ಒಂದು ಮೆಸೇಜ್: ನನ್ನ ಕೋಡ್ ಒಂದು ತಪ್ಪಾಗಿ ನಿನ್ನ ನಂಬರಿಗೆ ಬಂದಿದೆ, ಬೇಗ ಕಳಿಸೆ. ನಾವು ಬರೆಯೋ ಹಾಗೇ, ಇಂಗ್ಲಿಷ್ ಅಕ್ಷರದ ಕನ್ನಡ. ನಿಜವಾಗ್ಲೂ ಒಂದು ಎಸ್ಸೆಮ್ಮೆಸ್ಸಲ್ಲಿ ಆರಂಕಿ ಬಂದಿತ್ತು. ಇವಳು ಕಳಿಸಿದಳು. ಆ ಗೆಳತಿಯ ಅಕೌಂಟನ್ನ ಅವತ್ತು ಬೆಳಗ್ಗೆನೇ ಯಾರೋ ಹೀಗೇ ಹಾರಿಸಿದ್ದರು. ಆರಂಕಿ ಕೈಗೆ ಬಿದ್ದ ತಕ್ಷಣ ಭಾವನ ಅಕೌಂಟೂ ಅವರ ಪಾಲಾಯ್ತು. ನೆಂಟರ ಗ್ರೂಪು, ತೆಂಗು ಬೆಳೆಗಾರರ ಗ್ರೂಪು, ಹಾಲಿನ ಸೊಸೈಟಿ ಗ್ರೂಪು, ಎಲ್ಲದರಲ್ಲಿದ್ದವರಿಗೂ ಭಾವನ ಹೆಸರಲ್ಲಿ ‘ಅರ್ಜೆಂಟಿದೆ, ದುಡ್ಡು ಹಾಕು, ನಾಳೆ ಕೊಡ್ತೀನಿ’ ಅಂತ ಹೋಯ್ತು. ಇಬ್ಬರು ಹಾಕಿದರು. ಒಬ್ಬರು 8,000, ಇನ್ನೊಬ್ಬರು 5,000.

ಹತ್ತು ನಿಮಿಷದಲ್ಲೇ ಅವಳಿಗೆ ಏನೋ ಎಡವಟ್ಟಾಗಿದೆ ಅಂತ ಗೊತ್ತಾಗಿದೆ. ಆದರೆ ಯಾರಿಗೂ ಹೇಳಲಿಲ್ಲ. ಆ್ಯಪನ್ನ ತೆಗೆದುಹಾಕಿ, ಫೋನನ್ನ ಟೀವಿ ಮೇಲಿಟ್ಟು, ಚಾರ್ಜ್ ಇಲ್ಲ ಅಂತ ಹೇಳಿ ಮಲಗಿದ್ದಾಳೆ. ಎರಡು ದಿನ ಸರಿಯಾಗಿ ಊಟ ಮಾಡಿಲ್ಲ. ಮಂಗಳವಾರ ಸಂಜೆ ದುಡ್ಡು ಹಾಕಿದವರು ‘ಯಾವಾಗ ವಾಪಸ್ ಕೊಡ್ತೀಯಪ್ಪಾ’ ಅಂತ ಭಾವನಿಗೆ ಫೋನ್ ಮಾಡಿದಾಗಲೇ ಬಯಲಾಗಿದ್ದು.

ಸೈಬರ್ ವಂಚನೆಗೆ 1930 ಅಂತ ಸಹಾಯವಾಣಿ ಇದೆ. ಎಷ್ಟು ಬೇಗ ಹೇಳ್ತೀವೋ ಅಷ್ಟು, ಹಣ ಮುಂದಿನ ಅಕೌಂಟಿಗೆ ಹಾರೋಕೆ ಮುಂಚೆ ತಡೆಯೋ ಸಾಧ್ಯತೆ ಜಾಸ್ತಿ. ನಾವು ಕಾಲ್ ಮಾಡಿದ್ದು ಎರಡು ದಿನ ಕಳೆದ ಮೇಲೆ. ದೂರು ದಾಖಲಾಯ್ತು, ದುಡ್ಡು ಬರಲಿಲ್ಲ. ಭಾವ ಕೊಬ್ಬರಿ ಮಾರಿ ಇಬ್ಬರಿಗೂ ಕೊಟ್ಟರು.

ವಾರಾಂತ್ಯಕ್ಕೆ ಊರಿಗೆ ಹೋದೆ. ಅಕ್ಕ ಬೇಜಾರಲ್ಲಿದ್ದಳು, ಭಾವ ಮಾತಾಡ್ತಿರಲಿಲ್ಲ. ಹುಡುಗಿ ಹಿತ್ತಲಲ್ಲಿ ಪಾತ್ರೆ ತೊಳೀತಿದ್ದಳು. ಪಕ್ಕದಲ್ಲಿ ಕೂತೆ.

‘ಒಟಿಪಿ ಯಾರಿಗೂ ಹೇಳಬಾರದು ಅಂತ ಗೊತ್ತಿತ್ತಲ್ಲ ಪುಟ್ಟಿ? ಕ್ವಿಜ್ಜಲ್ಲಿ ಸರಿಯಾಗೇ ಬರ್ದಿದ್ದೆ.’

‘ಅದು ಒಟಿಪಿ ಅಂತ ಅನ್ನಿಸ್ಲೇ ಇಲ್ಲ ಮಾಮ. ಕೋಡ್ ಅಂದ್ಲು. ಒಟಿಪಿ ಬ್ಯಾಂಕಿಂದ ಅಲ್ವಾ ಬರೋದು?’

ನನ್ನ ಸ್ಲೈಡ್ ನೆನಪಾಯ್ತು. ಅದರಲ್ಲಿ ಬ್ಯಾಂಕಿನ ಚಿತ್ರ ಹಾಕಿದ್ದೆ. ಫೋನ್ ಮಾಡೋ ಕಳ್ಳನಿಗೆ ಕಪ್ಪು ಮುಖವಾಡ ಹಾಕಿದ್ದೆ. ಗೆಳತಿ ಹೆಸರಲ್ಲಿ, ‘ಕಳಿಸೆ’ ಅಂತ ಏಕವಚನದಲ್ಲಿ ಬರೋ ಕಳ್ಳ ನನ್ನ ಸ್ಲೈಡಲ್ಲಿ ಇರಲೇ ಇಲ್ಲ.

‘ಆಮೇಲೆ ಗೊತ್ತಾಯ್ತಲ್ಲ, ಆಗ್ಲೇ ಯಾಕೆ ಹೇಳ್ಲಿಲ್ಲ? ಅಪ್ಪನಿಗೆ ಹೆದರಿಕೆ ಆದ್ರೆ ನನಗಾದ್ರೂ ಮಾಡಬಹುದಿತ್ತು.’

ಅವಳು ತಲೆ ಎತ್ತಲಿಲ್ಲ. ‘ಹೇಳಿದ್ರೆ ಫೋನ್ ಕಿತ್ಕೊತಾರೆ ಮಾಮ. ಆಮೇಲೆ ಕೊಡಲ್ಲ.’

ಕಿತ್ಕೊಂಡಾಗಿತ್ತು. ಅವಳು ಊಹಿಸಿದ್ದೇ ನಡೆದಿತ್ತು. ಪರೀಕ್ಷೆಗೆ ಎರಡು ತಿಂಗಳಿರುವಾಗ, ಗಣಿತದ ಮೇಷ್ಟ್ರು ಮಾದರಿ ಪ್ರಶ್ನೆಪತ್ರಿಕೆ ಕಳಿಸೋ ಗ್ರೂಪಿಂದ ಅವಳು ಹೊರಗೆ. ಇನ್ನೊಂದು ಮಾತೂ ಇದೆ. ಅವಳ ಅಣ್ಣ ಪಿಯುಸಿ. ಅವನಿಗೆ ಸ್ವಂತ ಫೋನಿದೆ. ಅದಕ್ಕೆ ಹಿಂದಿನ ಐಪಿಎಲ್ ಟೈಮಲ್ಲಿ ಅವನು ಯಾವುದೋ ಆಟದ ಆ್ಯಪಲ್ಲಿ 1,200 ರೂಪಾಯಿ ಕಳೆದಿದ್ದ. ಬೈಸಿಕೊಂಡ. ಫೋನು ಅವನ ಹತ್ತಿರಾನೇ ಇತ್ತು. 43.7 ಮತ್ತು 19.8ರ ಅಂತರ ಮನೆಯೊಳಗೆ ಹೇಗೆ ಕೆಲಸ ಮಾಡುತ್ತೆ ಅನ್ನೋದು ನನಗೆ ಅರ್ಥ ಆಗಿದ್ದು ಆಗ.

ಬಸ್ಸಲ್ಲಿ ವಾಪಸ್ ಬರುವಾಗ ನನ್ನದೇ ಒಂದು ಸಂಗತಿ ನೆನಪಾಯ್ತು. ಅದೇ ವರ್ಷ ನಮ್ಮ ಸೆಕ್ಯುರಿಟಿ ಟೀಮಿನವರು ಪರೀಕ್ಷೆಗೆ ಅಂತ ಒಂದು ನಕಲಿ ಮೇಲ್ ಕಳಿಸಿದ್ದರು. ಬೋನಸ್ ಲೆಟರ್ ನೋಡಿ ಅಂತ. ಹನ್ನೆರಡು ವರ್ಷ ಸರ್ವೀಸಿನ, ಬಿಇ ಮಾಡಿದ ನಾನು ಲಿಂಕ್ ಒತ್ತಿದ್ದೆ. ಏನಾಯ್ತು? ಅರ್ಧ ಗಂಟೆಯ ಒಂದು ಟ್ರೈನಿಂಗ್ ವಿಡಿಯೋ ನೋಡು ಅಂದರು. ನನ್ನ ಲ್ಯಾಪ್‌ಟಾಪ್ ಯಾರೂ ಕಿತ್ಕೊಳ್ಳಲಿಲ್ಲ.

ನಮ್ಮ ಕೆಲಸದಲ್ಲಿ ಏನಾದರೂ ಬಿದ್ದುಹೋದರೆ ಆಮೇಲೆ ಒಂದು ಮೀಟಿಂಗ್ ನಡೆಯುತ್ತೆ. ಅದಕ್ಕೆ ಮೊದಲ ನಿಯಮ: ಯಾರನ್ನೂ ದೂರಬಾರದು. ಇದು ದೊಡ್ಡ ಮನಸ್ಸಿನಿಂದ ಬಂದದ್ದಲ್ಲ, ಲೆಕ್ಕಾಚಾರ. ದೂರಿದರೆ ಜನ ತಪ್ಪನ್ನ ಮುಚ್ಚಿಡ್ತಾರೆ, ಮುಚ್ಚಿಟ್ಟರೆ ಐದು ನಿಮಿಷದ ತೊಂದರೆ ಐದು ಗಂಟೆಯದ್ದಾಗುತ್ತೆ. ಅಕ್ಕನ ಮಗಳು ಎರಡು ದಿನ ಮುಚ್ಚಿಟ್ಟಿದ್ದು ಅವಳಿಗೆ ಸಾಕ್ಷರತೆ ಕಮ್ಮಿಯಾಗಿ ಅಲ್ಲ. ತಪ್ಪು ಒಪ್ಪಿಕೊಂಡರೆ ಏನಾಗುತ್ತೆ ಅನ್ನೋದನ್ನ ಅವಳು ಸರಿಯಾಗೇ ಓದಿದ್ದಳು.

ಈಗ ಎರಡನೇ ಪದಕ್ಕೆ ಬರ್ತೀನಿ. ರೆಸಿಲಿಯೆನ್ಸ್. ಕನ್ನಡದಲ್ಲಿ ಇದಕ್ಕೆ ಏನನ್ನಬೇಕು ಅಂತ ಯೋಚಿಸಿದರೆ ನಾವು ಎಡವೋದು ಎಲ್ಲಿ ಅಂತ ಗೊತ್ತಾಗುತ್ತೆ. ನಮ್ಮ ಹತ್ತಿರ ಎರಡು ಪದ ಇವೆ. ಒಂದು ತಾಳೋದು, ಇನ್ನೊಂದು ಚೇತರಿಸಿಕೊಳ್ಳೋದು. ತಾಳಿದವನು ಬಾಳಿಯಾನು ಅಂತ ಗಾದೆ ಕೇಳ್ಕೊಂಡೇ ಬೆಳೆದವರು ನಾವು. ತಾಳೋದನ್ನ ಒಬ್ಬರೇ ಮಾಡಬಹುದು, ಹಲ್ಲು ಕಚ್ಚಿಕೊಂಡು. ಚೇತರಿಸಿಕೊಳ್ಳೋಕೆ ಮಾತ್ರ ಇನ್ನೊಬ್ಬರು ಬೇಕು. ಜ್ವರ ಬಂದವನಿಗೆ ಗಂಜಿ ಕಾಯಿಸೋರು, ಎರಡು ದಿನ ಹಸುವಿನ ಹಾಲು ಕರೆಯೋರು ಇದ್ದರೆ ತಾನೇ ಅವನು ಏಳೋದು? ಮಕ್ಕಳ ವಿಷಯದಲ್ಲಿ ನಾವು ಹೊಗಳೋದೆಲ್ಲ ತಾಳಿಕೆಯನ್ನ, ಅವರಿಗೆ ಬೇಕಿರೋದು ಚೇತರಿಕೆ.

ಸಾಫ್ಟ್‌ವೇರಲ್ಲಿ ಈ ಗೊಂದಲ ಇಲ್ಲ. ನಮ್ಮಲ್ಲಿ ರೆಸಿಲಿಯೆನ್ಸ್ ಅನ್ನೋದು ಇಡೀ ವ್ಯವಸ್ಥೆಯ ಗುಣ. ಒಂದು ಸರ್ವರ್ ಬೀಳುತ್ತೆ ಅಂತ ಮೊದಲೇ ಅಂದ್ಕೊಂಡು ಪಕ್ಕದಲ್ಲಿ ಇನ್ನೊಂದು ಇಡ್ತೀವಿ. ಬ್ಯಾಕಪ್ ಇಡ್ತೀವಿ. ರಾತ್ರಿ ಎರಡಕ್ಕೆ ಎದ್ದು ನೋಡೋಕೆ ಒಬ್ಬರನ್ನ ನೇಮಿಸ್ತೀವಿ. ಬಿದ್ದ ಸರ್ವರಿಗೆ ‘ಧೈರ್ಯವಾಗಿರು’ ಅಂತ ಯಾರೂ ಪಾಠ ಹೇಳಲ್ಲ. ಶಾಲೆ ಮಕ್ಕಳ ವಿಷಯಕ್ಕೆ ಬಂದ ತಕ್ಷಣ ಅದೇ ಪದ ಮಗುವಿನ ಮನಸ್ಸಿನೊಳಗಿನ ಗುಣ ಆಗಿಬಿಡುತ್ತೆ. ಟವರ್ ಇಲ್ಲದ್ದು, ಮೇಷ್ಟ್ರು ಇಲ್ಲದ್ದು, ಮನೇಲಿ ಒಂದೇ ಫೋನಿರೋದು, ಎಲ್ಲದರ ಹೊರೆ ಹದಿನೈದು ವರ್ಷದ ಹೆಗಲಿಗೆ.

ಇದು ಹೊಸ ಚಟ ಅಲ್ಲ. 1999ರಲ್ಲಿ ಸುಗತ ಮಿತ್ರ ಅವರು ದೆಹಲಿಯ ಕಾಲ್ಕಾಜಿಯಲ್ಲಿ ಎನ್‌ಐಐಟಿ ಕಚೇರಿಯ ಗೋಡೆಗೆ ತೂತು ಕೊರೆದು, ಪಕ್ಕದ ಕೊಳೆಗೇರಿ ಕಡೆಗೆ ಮುಖ ಮಾಡಿ ಒಂದು ಕಂಪ್ಯೂಟರ್ ಇಟ್ಟರು. ಮಕ್ಕಳು ಯಾರ ಸಹಾಯವೂ ಇಲ್ಲದೆ ತಾವೇ ಕಲಿತರು ಅನ್ನೋ ಕಥೆ ಲೋಕವೆಲ್ಲಾ ಸುತ್ತಿತು. 2013ರಲ್ಲಿ ಅವರಿಗೆ ಹತ್ತು ಲಕ್ಷ ಡಾಲರಿನ ಟೆಡ್ ಪ್ರಶಸ್ತಿ ಬಂತು. ಆದರೆ ಹೋಗಿ ನೋಡಿದವರು ಬೇರೇನೂ ಬರೆದರು. ದೆಹಲಿಯ ಗೋಡೆಗಳನ್ನ ನೋಡಿ ಬಂದ ಮಾರ್ಕ್ ವಾರ್ಷವರ್, ಇಂಟರ್ನೆಟ್ ಕೆಲಸ ಮಾಡೋದೇ ಅಪರೂಪ, ಹಿಂದಿಯಲ್ಲಿ ಏನೂ ಇಲ್ಲ, ಮಕ್ಕಳು ಹೆಚ್ಚಾಗಿ ಆಟ ಆಡ್ತಾರೆ, ಚಿತ್ರ ಬಿಡಿಸ್ತಾರೆ ಅಂದರು. ಉತ್ತರಾಖಂಡದ ಗೋಡೆಗಳನ್ನ ಹುಡುಕಿಕೊಂಡು ಹೋದ ಪಾಯಲ್ ಅರೋರಾ ಅವರಿಗೆ ಸಿಕ್ಕಿದ್ದು ಕಂಪ್ಯೂಟರ್ ಇಲ್ಲದ ಗೋಡೆ. ಮಕ್ಕಳಿಗೆ ಕುತೂಹಲ ಇದೆ ಅನ್ನೋ ಮಿತ್ರ ಅವರ ಮಾತು ಸುಳ್ಳಲ್ಲ. ಆದರೆ ಆ ಕುತೂಹಲದ ಮುಂದೆ ದೊಡ್ಡವರು ಬೇಕಾಗಿಲ್ಲ ಅನ್ನೋ ತೀರ್ಮಾನ ಇದೆಯಲ್ಲ, ಅದು ಸರ್ಕಾರಗಳಿಗೆ ತುಂಬಾ ಅನುಕೂಲದ್ದು. ಮೇಷ್ಟ್ರ ಸಂಬಳಕ್ಕಿಂತ ಗೋಡೆ ಅಗ್ಗ.

ನಿಕೋಲಸ್ ನೆಗ್ರೊಪಾಂಟೆ 2005ರಲ್ಲಿ ನೂರು ಡಾಲರಿನ ಲ್ಯಾಪ್‌ಟಾಪ್ ಅಂತ ಹೊರಟರು. ಪೆರು ದೇಶ ಒಂಬತ್ತು ಲಕ್ಷಕ್ಕೂ ಮಿಗಿಲು ಲ್ಯಾಪ್‌ಟಾಪ್ ಹಂಚಿತು. ಇಂಟರ್ ಅಮೆರಿಕನ್ ಡೆವಲಪ್‌ಮೆಂಟ್ ಬ್ಯಾಂಕ್ ಅಲ್ಲಿನ 319 ಹಳ್ಳಿ ಶಾಲೆಗಳಲ್ಲಿ ಅಧ್ಯಯನ ಮಾಡಿ 2012ರಲ್ಲಿ ಹೇಳಿದ್ದು: ಗಣಿತದಲ್ಲಾಗಲಿ, ಭಾಷೆಯಲ್ಲಾಗಲಿ ಹೇಳಿಕೊಳ್ಳೋ ಬದಲಾವಣೆ ಇಲ್ಲ. ಅಲ್ಲಿದ್ದವರು ಪ್ರೈಮರಿ ಮಕ್ಕಳು ನಿಜ. ಆದರೆ ಎಡವಿದ ಜಾಗ ಒಂದೇ. ಯಂತ್ರ ಹೋಯ್ತು, ಅದರ ಜೊತೆ ಮನುಷ್ಯರು ಹೋಗಲಿಲ್ಲ.

ಇದನ್ನೆಲ್ಲ ಚೆನ್ನಾಗಿ ಬಿಡಿಸಿ ಹೇಳಿದ ಪುಸ್ತಕ ಕೆಂಟಾರೊ ಟೊಯಾಮಾ ಅವರ ‘ಗೀಕ್ ಹೆರೆಸಿ’, 2015ರದ್ದು. ಬೆಂಗಳೂರಲ್ಲಿ ಮೈಕ್ರೋಸಾಫ್ಟ್ ಸಂಶೋಧನಾ ಕೇಂದ್ರವನ್ನ ಕಟ್ಟಿದವರಲ್ಲಿ ಅವರೂ ಒಬ್ಬರು. ನಮ್ಮ ಸುತ್ತಮುತ್ತಲಿನ ಶಾಲೆಗಳಲ್ಲಿ ವರ್ಷಗಟ್ಟಲೆ ಪ್ರಯೋಗ ಮಾಡಿ, ತಾನೇ ಮಾಡಿದ್ದನ್ನ ತಾನೇ ಪ್ರಶ್ನಿಸಿದ ಮನುಷ್ಯ. ನಮ್ಮ ಫೀಲ್ಡಿನಲ್ಲಿ ಅಂಥವರು ಕಡಿಮೆ. ಅವರ ಮಾತಿನ ತಿರುಳು: ತಂತ್ರಜ್ಞಾನ ಏನನ್ನೂ ಹೊಸದಾಗಿ ಹುಟ್ಟಿಸಲ್ಲ, ಇರೋದನ್ನ ಹಿಗ್ಗಿಸುತ್ತೆ. ಒಳ್ಳೆ ಶಾಲೆಗೆ ಕಂಪ್ಯೂಟರ್ ಕೊಟ್ಟರೆ ಅದು ಇನ್ನೂ ಒಳ್ಳೇದಾಗುತ್ತೆ, ಕೆಟ್ಟ ಶಾಲೆಯನ್ನ ಕಂಪ್ಯೂಟರ್ ರಿಪೇರಿ ಮಾಡಲ್ಲ. ನಮ್ಮ ಹೆಡ್ಮಾಸ್ಟರ್ ಡ್ರಾಯರಲ್ಲಿದ್ದ ಬೀಗದ ಕೈಗೆ ಇದಕ್ಕಿಂತ ಒಳ್ಳೆ ವಿವರಣೆ ನನಗೆ ಸಿಕ್ಕಿಲ್ಲ.

ಆದರೆ ಎರಡು ಕಡೆ ನನಗೆ ಅವರ ಜೊತೆ ಒಪ್ಪಿಗೆ ಇಲ್ಲ. ಕೊನೆಗೆ ಅವರು ಬಂದು ನಿಲ್ಲೋದು ಮನುಷ್ಯರ ಸದುದ್ದೇಶ, ವಿವೇಕ, ಆತ್ಮನಿಗ್ರಹದ ಹತ್ತಿರ. ಅದನ್ನ ಬೆಳೆಸಿ ಅಂತಾರೆ. ಸಮಾಜಗಳಿಗೂ ಸಂಸ್ಥೆಗಳಿಗೂ ಈ ಮಾತು ಸಲ್ಲುತ್ತೆ ಅಂತಲೂ ಅಂತಾರೆ, ಆದರೆ ಓದಿ ಮುಗಿಸಿದ ಮೇಲೆ ಮನಸ್ಸಲ್ಲಿ ಉಳಿಯೋದು ಕಷ್ಟಪಟ್ಟು ಮೇಲೆ ಬಂದ ಒಬ್ಬೊಬ್ಬರ ಕಥೆ. ಮತ್ತೆ ಹೊರೆ ಒಬ್ಬರ ಮೇಲೇ ಜಾರುತ್ತೆ. ಎರಡನೇದು, ಫೋನು ಬರೀ ದನಿ ದೊಡ್ಡದು ಮಾಡೋ ಮೈಕ್ ಅಲ್ಲ. ಮೈಕಿಗೆ ತನ್ನದೇ ಆಸೆ ಇರಲ್ಲ. ಫೋನಿನೊಳಗಿರೋ ಆ್ಯಪಿಗೆ ಇದೆ.

ಇದು ನನಗೆ ಹೇಗೆ ಗೊತ್ತು ಅಂದ್ರೆ, ಆ ಆಸೆಯನ್ನ ಬರೆಯೋದೇ ನನ್ನ ಕೆಲಸ. ಎರಡು ವರ್ಷ ನಾನಿದ್ದ ಟೀಮಿನ ಗುರಿ ‘ರಿಟೆನ್ಷನ್’. ಜನ ಆ್ಯಪ್ ಬಿಟ್ಟು ಹೋಗದ ಹಾಗೆ ಮಾಡೋದು. ರಾತ್ರಿ 9:30ಕ್ಕೆ ನೋಟಿಫಿಕೇಶನ್ ಕಳಿಸಿದರೆ ಜಾಸ್ತಿ ಜನ ತೆಗೀತಾರಾ, 10 ಗಂಟೆಗೆ ಕಳಿಸಿದರಾ ಅಂತ ಎ/ಬಿ ಟೆಸ್ಟ್ ಮಾಡಿದ್ದೀನಿ. ‘ಬೇಡ’ ಅನ್ನೋ ಬಟನ್ನು ಸ್ವಲ್ಪ ಮಂಕಾಗಿ ಕಾಣೋ ಬಣ್ಣ ಆರಿಸಿದ್ದೀನಿ. ಬಳಸೋರಲ್ಲಿ ಹೈಸ್ಕೂಲ್ ಮಕ್ಕಳೂ ಇದ್ದಾರೆ ಅನ್ನೋದು ಟೀಮಿನಲ್ಲಿ ಎಲ್ಲರಿಗೂ ಗೊತ್ತಿದ್ದ, ಯಾರೂ ಬಾಯಿಬಿಟ್ಟು ಆಡದ ಮಾತಾಗಿತ್ತು. ಸೋಮವಾರದಿಂದ ಶುಕ್ರವಾರದವರೆಗೆ ಯೋಚಿಸದೆ ಒತ್ತೋ ಹಾಗೆ ಡಿಸೈನ್ ಮಾಡೋದು, ಶನಿವಾರ ಹಳ್ಳಿ ಶಾಲೆಗೆ ಹೋಗಿ ‘ಒತ್ತೋ ಮುಂಚೆ ಯೋಚಿಸಿ’ ಅನ್ನೋದು. ನೀವೂ ನಮ್ಮ ಫೀಲ್ಡಿನವರೇ ಆಗಿದ್ದರೆ ಈ ವಾರದ ಲೆಕ್ಕ ನಿಮಗೂ ಗೊತ್ತಿರುತ್ತೆ. ಹದಿನೈದರ ಹುಡುಗಿಯ ಆತ್ಮನಿಗ್ರಹಕ್ಕೂ ನಲವತ್ತು ಜನ ಇಂಜಿನಿಯರುಗಳ ಟೀಮಿಗೂ ಕುಸ್ತಿ ಇಟ್ಟು, ಸೋತವಳಿಗೆ ಸಾಕ್ಷರತೆ ಸಾಲದು ಅನ್ನೋದು ನ್ಯಾಯ ಅಲ್ಲ.

ಹಾಗಾದರೆ ಏನೂ ಕಲಿಸಬಾರದಾ? ಖಂಡಿತಾ ಕಲಿಸಬೇಕು. ಪಕ್ಕದ ಕೇರಳವನ್ನೇ ನೋಡಿ. ಅಲ್ಲಿ ಐಟಿ@ಸ್ಕೂಲ್ ಅಂತ ಈ ಶತಮಾನದ ಶುರುವಲ್ಲೇ ಆರಂಭಿಸಿದರು. ಹೊರಗಿನ ಕಂಪನಿ ಬಂದು ಲ್ಯಾಬ್ ನಡೆಸೋ ಬದಲು ಶಾಲೆಯ ಮೇಷ್ಟ್ರುಗಳಿಗೇ ತರಬೇತಿ ಕೊಟ್ಟರು, ಫ್ರೀ ಸಾಫ್ಟ್‌ವೇರ್ ಬಳಸಿದರು, ಐಟಿಯನ್ನ ಪರೀಕ್ಷೆಯ ವಿಷಯ ಮಾಡಿದರು. ಈಗ ಅದು ಕೈಟ್ ಅಂತ ಸರ್ಕಾರಿ ಕಂಪನಿ. 2018ರಲ್ಲಿ ಕಣ್ಣೂರು ಜಿಲ್ಲೆಯಲ್ಲಿ ಲಸಿಕೆ ಬಗ್ಗೆ, ನಿಫಾ ಬಗ್ಗೆ ವಾಟ್ಸಾಪ್ ವದಂತಿಗಳು ಹಬ್ಬಿದಾಗ ಜಿಲ್ಲಾಡಳಿತ ‘ಸತ್ಯಮೇವ ಜಯತೇ’ ಅಂತ ಸುಮಾರು 150 ಸರ್ಕಾರಿ ಶಾಲೆಗಳಲ್ಲಿ ಸುಳ್ಳು ಸುದ್ದಿ ಗುರುತಿಸೋ ಪಾಠ ಶುರು ಮಾಡಿತು. ಕೇರಳದಲ್ಲಿ ಎಲ್ಲಾ ಸರಿಯಿದೆ ಅಂತಲ್ಲ. ಆದರೆ ಅಲ್ಲಿ ಪಾಠ ಹೇಳಿದವರು ನಾಳೆನೂ ಅದೇ ಶಾಲೇಲಿರೋ ಮೇಷ್ಟ್ರು. ನನ್ನ ಹಾಗೆ ಸರ್ಟಿಫಿಕೇಟ್ ಹಂಚಿ ಐದು ಗಂಟೆ ಬಸ್ಸಿಗೆ ಹೊರಡೋರಲ್ಲ. ತಪ್ಪಾದ ಮೇಲೆ ಮಗು ಹುಡುಕೋದು ನಾಳೆನೂ ಸಿಗೋ ಮುಖವನ್ನ.

ನಮ್ಮಲ್ಲೂ ಅಂಥದ್ದು ಇರಲಿಲ್ಲ ಅಂತಲ್ಲ. 2020ರ ಆಗಸ್ಟಲ್ಲಿ ವಿದ್ಯಾಗಮ ಶುರುವಾದಾಗ ಮೇಷ್ಟ್ರುಗಳು ದೇವಸ್ಥಾನದ ಜಗಲಿ, ಮರದ ನೆರಳು ಹುಡುಕಿಕೊಂಡು ಮಕ್ಕಳಿದ್ದಲ್ಲಿಗೇ ಹೋದರು. ಸೋಂಕಿನ ಭಯಕ್ಕೆ ಅಕ್ಟೋಬರಲ್ಲಿ ಅದು ನಿಂತಿತು, ನಿಂತಿದ್ದಕ್ಕೆ ಕಾರಣಾನೂ ಇತ್ತು. ಆ ಕಾಲದ್ದು ಅಂತ ನಾವು ನೆನಪಿಟ್ಟುಕೊಂಡಿರೋದು ಮಾತ್ರ ಕೊಡೆಯ ಫೋಟೋ, ಜಗಲಿ ಮೇಲಿನ ಮೇಷ್ಟ್ರನ್ನಲ್ಲ.

ಈ ವರ್ಷ ಮತ್ತೆ ಅದೇ ಶಾಲೆಗೆ ಹೋಗಿದ್ದೆ. 22 ಸ್ಲೈಡಲ್ಲಿ 15 ತೆಗೆದುಹಾಕಿದೆ. ಮೊದಲನೇ ಸ್ಲೈಡಲ್ಲಿ ನಾನು ಒತ್ತಿದ ಬೋನಸ್ ಲೆಟರ್ ಮೇಲ್ ಹಾಕಿದೆ. ಮಕ್ಕಳು ಬಿದ್ದು ಬಿದ್ದು ನಕ್ಕರು. ನಕ್ಕ ಮೇಲೆ ಅವರೂ ಮಾತಾಡಿದರು. ಉಳಿದ ಹೊತ್ತೆಲ್ಲಾ ‘ತಪ್ಪಾದ ಮೇಲೆ ಏನು ಮಾಡಬೇಕು’ ಅನ್ನೋದರ ಮೇಲೆ ಕಳೆದ್ವಿ: ಮೊದಲ ಹತ್ತು ನಿಮಿಷದಲ್ಲಿ ಏನು, ಯಾರಿಗೆ ಹೇಳೋದು, 1930ಕ್ಕೆ ಫೋನ್ ಮಾಡಿದರೆ ಏನು ಕೇಳ್ತಾರೆ. ಮಕ್ಕಳು ಫೋನಿನ ತೊಂದರೆ ತಂದರೆ ಬೈಯದೆ ಕೇಳಿಸ್ಕೊಳ್ಳೋಕೆ ಗಣಿತದ ಮೇಷ್ಟ್ರು, ವಿಜ್ಞಾನದ ಮಿಸ್ ಇಬ್ಬರೂ ಒಪ್ಪಿದ್ದಾರೆ. ಮಧ್ಯಾಹ್ನ ತಂದೆತಾಯಂದಿರನ್ನ ಕರೆದಿದ್ದೆ, ಬಂದಿದ್ದು ಒಂಬತ್ತು ಜನ. ಅವರಿಗೆ ಒಂದೇ ಮಾತು ಹೇಳಿದೆ. ಮಗಳು ತಪ್ಪು ಮಾಡಿದೆ ಅಂತ ಬಂದು ಹೇಳಿದರೆ ಅವತ್ತು ಫೋನ್ ಕಿತ್ಕೊಬೇಡಿ, ಕಿತ್ಕೊಂಡರೆ ಮುಂದಿನ ಸಲ ನಿಮಗೆ ಗೊತ್ತೇ ಆಗಲ್ಲ. ಭಾವ ಹಿಂದಿನ ಬೆಂಚಲ್ಲಿ ಕೂತಿದ್ದರು. ಏನೂ ಹೇಳಲಿಲ್ಲ.

ಇದರಿಂದ ಏನೋ ಬದಲಾಯ್ತು ಅಂತ ಹೇಳೋ ಧೈರ್ಯ ನನಗಿಲ್ಲ. ಟೀಮ್ ಬದಲಾಯಿಸಿಕೊಂಡಿದ್ದೀನಿ, ಕಂಪನಿ ಬದಲಾಗಿಲ್ಲ. ಆ ಮಂಕು ಬಣ್ಣದ ಬಟನ್ನು ಈಗಲೂ ಹಾಗೇ ಇದೆ. ಅಕ್ಕನ ಮಗಳು ಎಸ್ಸೆಸ್ಸೆಲ್ಸಿ ಪಾಸಾಗಿ ತಿಪಟೂರಲ್ಲಿ ಪಿಯುಸಿಗೆ ಸೇರಿದ್ದಾಳೆ. ಗಣಿತದಲ್ಲಿ ಅವಳು ಅಂದ್ಕೊಂಡಷ್ಟು ಬರಲಿಲ್ಲ. ಸ್ವಂತ ಫೋನ್ ಇನ್ನೂ ಇಲ್ಲ. ಸಂಜೆ ಅರ್ಧ ಗಂಟೆ ಭಾವನ ಫೋನು ಕೈಗೆ ಬರುತ್ತೆ, ಅಕ್ಕ ಪಕ್ಕದಲ್ಲಿ ಕೂತಿರ್ತಾಳೆ.

ಆದರೆ ಆ ಫೋನಿನ ವಾಟ್ಸಾಪಿಗೆ ಎರಡನೇ ಬೀಗ, ಆರಂಕಿ ಪಿನ್ನು, ಹಾಕಿದ್ದು ಅವಳೇ. ಅದು ಆಗಾಗ ಪಿನ್ ಕೇಳುತ್ತಲ್ಲ, ಭಾವನಿಗೆ ನೆನಪಿರಲ್ಲ. ಹೋದ ತಿಂಗಳು ನಾನಿದ್ದಾಗಲೇ ‘ಏನಮ್ಮಾ ಅದು ನಂಬರು?’ ಅಂತ ಕೂಗಿದರು. ಒಳಗಿಂದ ಬಂದು, ಫೋನ್ ಇಸ್ಕೊಂಡು ತಾನೇ ಒತ್ತಿ ವಾಪಸ್ ಕೊಟ್ಟಳು. ಭಾವ ನನ್ನ ಮುಖ ನೋಡಿದರು. ಅವರಿಗೆ ನಗು ಬಂದಿತ್ತೋ ಸಿಟ್ಟು ಬಂದಿತ್ತೋ ಗೊತ್ತಾಗಲಿಲ್ಲ. ಫೋನನ್ನ ಜೇಬಿಗೆ ಹಾಕಿಕೊಂಡು ಡೈರಿ ಕಡೆ ಹೊರಟರು.